ಒಂದು ತಗೊಂಡು ಬಣ್ಣ ಹೊಡೆಸಿದ್ರೆ ಆಗ್ತಿರಲಿಲ್ವಾ?

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಹಾಲ್‌ನ ಶೋಕೇಸ್. ಅದರಲ್ಲಿ ಟ್ರೋಫಿ ಇಲ್ಲ, ಮದುವೆಗೆ ಬಂದ ಡಿನ್ನರ್ ಸೆಟ್ ಇಲ್ಲ. ಸಾಲಾಗಿ ಐರನ್ ಮ್ಯಾನ್ ನಿಂತಿದ್ದಾನೆ, ಕಾಮಿಕ್ಸ್ ಮತ್ತು ಸಿನಿಮಾಗಳಲ್ಲಿ ಲೋಹದ ಸೂಟ್ ತೊಟ್ಟು ಹಾರುವ ಹೀರೋ. ಎಲ್ಲಾ ಗೊಂಬೆಗಳು, ನಮ್ಮಂಥವರ ಭಾಷೆಯಲ್ಲಿ ಫಿಗರ್. ಒಬ್ಬನೇ ಮನುಷ್ಯ, ಬೇರೆ ಬೇರೆ ಸೂಟ್. ಬಂದವರು ಎಡದಿಂದ ಬಲಕ್ಕೆ ಒಂದು ಸಲ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಎಲ್ಲಾ ಒಂದೇ ತರ ಇದೆಯಲ್ಲಾ, ಇಷ್ಟೊಂದು ಯಾಕೆ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಕಾಫಿ ಕೊಡುತ್ತೇನೆ, ಲಿಂಕ್ ಕಳಿಸುತ್ತೇನೆ. ಮಾತಾಡುವುದಿಲ್ಲ.

ಮೊದಲು ಮರಿಪ್ರಶ್ನೆಗಳನ್ನು ಮುಗಿಸಿಬಿಡೋಣ. ಎಷ್ಟಾಯ್ತು? ಹೇಳಲ್ಲ. ಹೆಂಡತಿಗೆ ಪೈಸೆ ಲೆಕ್ಕ ಗೊತ್ತು. ಅಮ್ಮನಿಗೆ ಹೇಳಿರುವ ಬೆಲೆಯಲ್ಲಿ ಒಂದು ಸೊನ್ನೆ ಕಡಿಮೆ ಇದೆ. ಅಮ್ಮ ಇದನ್ನೆಲ್ಲ ಓದುವುದಿಲ್ಲ ಅಂತ ನಂಬಿದ್ದೇನೆ.

ಮಕ್ಕಳ ಆಟದ ಸಾಮಾನಲ್ವಾ? ಅಲ್ಲ. ಡಬ್ಬಿಯ ಮೇಲೆ 15 ವರ್ಷ ದಾಟಿದವರಿಗೆ ಅಂತ ಅಚ್ಚು ಹಾಕಿದ್ದಾರೆ. ನಮ್ಮ ಸರ್ಕಾರದ್ದೇ 2020ರ ಗುಣಮಟ್ಟದ ಆದೇಶ ಇದೆ. ಅದರ ಪ್ರಕಾರ ಆಟಿಕೆ ಅಂದರೆ 14 ವರ್ಷದೊಳಗಿನ ಮಕ್ಕಳು ಆಡಲಿ ಅಂತ ಮಾಡಿದ ವಸ್ತು. ಆದರೆ ಹೊರದೇಶದಿಂದ ಡಬ್ಬಿ ಬಂದು ಇಳಿದಾಗ ಈ ಮಾತು ನಡೆಯುವುದಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. ಒಂದು ಡಬ್ಬಿ ಬಿಡಿಸಿಕೊಳ್ಳಲು ನಾನು ಈ 14, 15ರ ವಾದವನ್ನೆಲ್ಲ ಇಮೇಲ್‌ನಲ್ಲಿ ಬರೆದು ಕಳಿಸಿದ್ದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಅಂತ ಹಿರಿಯರು ಮೊದಲೇ ಹೇಳಿಟ್ಟಿದ್ದಾರೆ. ಹಾಗೇ ಆಯಿತು. ದುಡ್ಡು ಕಟ್ಟಿ ತಂದೆ.

ಈಗ ದೊಡ್ಡ ಪ್ರಶ್ನೆ. "ಎಲ್ಲಾ ಒಂದೇ ತರ."

ಇದನ್ನು ಹೇಗೆ ಕೇಳಿದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಹೋದ ವರ್ಷ ಗಣೇಶನ ಹಬ್ಬಕ್ಕೆ ನನ್ನ ಷಡ್ಡಕ ಬರುವ ತನಕ. ಅವರು ನನಗಿಂತ ದೊಡ್ಡವರು. ಹಾಗಾಗಿ ಅವರು ಏನು ಬೇಕಾದರೂ ಹೇಳಬಹುದು, ನಾನು ನಗಬೇಕು. ಕೈಕಟ್ಟಿಕೊಂಡು ಶೋಕೇಸ್ ಮುಂದೆ ನಿಂತರು. "ಅಲ್ಲ ಕಣಯ್ಯಾ, ಅದೇ ಮುಖ, ಅದೇ ಮೈ. ಒಂದು ತಗೊಂಡು ವರ್ಷಕ್ಕೊಂದು ಸಲ ಬಣ್ಣ ಹೊಡೆಸಿದ್ರೆ ಆಗ್ತಿರಲಿಲ್ವಾ?" ಇಡೀ ಹಾಲ್ ನಕ್ಕಿತು. ನಮ್ಮ ಮಾವನವರೂ ನಕ್ಕರು. ಅವರು ನನ್ನ ಮದುವೆಯ ಫೋಟೋದಲ್ಲೂ ನಕ್ಕಿಲ್ಲ.

ನನಗೆ ಉರಿದಿದ್ದು ಯಾಕೆ ಗೊತ್ತಾ? ಆ ಮಾತು ಅರ್ಧ ನಿಜ.

ಐರನ್ ಮ್ಯಾನ್ ಮೊದಲು ಬಂದದ್ದು 1963ರ ಮಾರ್ಚ್ ತಿಂಗಳ ಒಂದು ಅಮೆರಿಕನ್ ಕಾಮಿಕ್ಸ್ ಸಂಚಿಕೆಯಲ್ಲಿ. ಕವರ್ ಮೇಲಿನ ರೂಪ ಜ್ಯಾಕ್ ಕರ್ಬಿಯದ್ದು, ಒಳಗಿನ ಕಥೆಯ ಚಿತ್ರಗಳು ಡಾನ್ ಹೆಕ್ ಅವರದ್ದು. ಸೂಟ್ ಪೂರ್ತಿ ಬೂದು ಬಣ್ಣ, ಗುಂಡು ಗುಂಡಾಗಿ, ದಪ್ಪವಾಗಿ. ಮುಂದಿನ ಸಂಚಿಕೆಯಲ್ಲೇ ಅದು ಚಿನ್ನದ ಬಣ್ಣಕ್ಕೆ ತಿರುಗಿತು. ಕಾರಣ ಕಥೆಯಲ್ಲೇ ಇದೆ. ಬೂದು ರೂಪ ಕಂಡು ಜನ ಹೆದರುತ್ತಾರೆ. ಜೊತೆಗಿದ್ದ ಹುಡುಗಿ ಚಿನ್ನದ ಬಣ್ಣ ಚೆನ್ನಾಗಿರುತ್ತದೆ ಅನ್ನುತ್ತಾಳೆ. ಸೂಟ್ ಒಳಗಿನ ಮನುಷ್ಯ ಟೋನಿ ಸ್ಟಾರ್ಕ್ ಬಳಿದುಬಿಡುತ್ತಾನೆ. ಅದೇ ಸೂಟ್, ಬರೀ ಪೇಂಟ್. ಅಂದರೆ ನನ್ನ ಷಡ್ಡಕರ ಐಡಿಯಾವನ್ನು ಟೋನಿ ಸ್ಟಾರ್ಕ್ ಎರಡನೇ ಕಥೆಯಲ್ಲೇ ಜಾರಿಗೆ ತಂದಿದ್ದ. ಇದನ್ನು ಅವರಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ಇನ್ನೂ ಇದೆ. ಸಿನಿಮಾಗಳಲ್ಲಿ ಟೋನಿಯ ಗೆಳೆಯ ರೋಡ್ಸ್ ಹಾಕುವ ವಾರ್ ಮಷೀನ್ ಸೂಟ್‌ಗೆ 2013ರ ಸಿನಿಮಾದಲ್ಲಿ ಕೆಂಪು, ಬಿಳಿ, ನೀಲಿ ಬಳಿದು ಐರನ್ ಪೇಟ್ರಿಯಟ್ ಅಂತ ಹೆಸರಿಟ್ಟರು. ಅಮೆರಿಕದ ಬಾವುಟದ ಬಣ್ಣ. ಸಿನಿಮಾದಲ್ಲೇ ಇದರ ಬಗ್ಗೆ ತಮಾಷೆ ಮಾಡುತ್ತಾರೆ. ಎರಡೂ ನನ್ನ ಹತ್ತಿರ ಇವೆ. ಮುಂದಕ್ಕೆ ಹೋಗೋಣ.

ಅದೇ ಸಿನಿಮಾದಲ್ಲಿ ಕೊನೆಗೆ ಡಜನ್‌ಗಟ್ಟಲೆ ಸೂಟ್ ಒಟ್ಟಿಗೆ ಹಾರಿ ಬರುತ್ತವೆ. ಮಾರ್ಕ್ 8ರಿಂದ ಮಾರ್ಕ್ 41ರವರೆಗೆ. ಮಾರ್ಕ್ ಅಂದರೆ ಟೋನಿಯ ಸೂಟ್‌ಗಳ ಕ್ರಮಸಂಖ್ಯೆ. ಬಹಳಷ್ಟು ಸೂಟ್‌ಗಳು ಪರದೆ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಮತ್ಯಾಕೆ ಮಾಡಿದರು? ಮಾರೋಕೆ. ಇದರಲ್ಲಿ ಗುಟ್ಟೇನೂ ಇಲ್ಲ. ನಮ್ಮಂಥವರು ಕೊಂಡೆವು, ಅಷ್ಟೇ. ಆದರೆ ಅದರಲ್ಲೂ ಕೆಲವಕ್ಕೆ ತಲೆ ಓಡಿಸಿದ್ದಾರೆ. ಮಾರ್ಕ್ 38ರ ಹೆಸರು ಇಗೊರ್. ಭಾರ ಹೊರಲು ಮಾಡಿದ ದೈತ್ಯ. ಮಾರ್ಕ್ 33 ಕೆಂಪು-ಬೆಳ್ಳಿ, ಹೆಸರು ಸಿಲ್ವರ್ ಸೆಂಚುರಿಯನ್. ಅದು 1985ರ ಕಾಮಿಕ್ಸ್ ಸೂಟ್‌ಗೆ ಮಾಡಿದ ನಮಸ್ಕಾರ. ಹಳೇ ಓದುಗರಿಗೆ ಮಾತ್ರ ಗೊತ್ತಾಗುತ್ತದೆ.

ಕಾಮಿಕ್ಸ್‌ನವರು ಎಡವಿದ್ದೂ ಉಂಟು. 1970ರ ದಶಕದಲ್ಲಿ ಸ್ವಲ್ಪ ಕಾಲ ಮುಖವಾಡಕ್ಕೆ ಮೂಗು ಇಟ್ಟಿದ್ದರು. ಹೌದು, ಮೂಗು. ಲೋಹದ್ದು. ಆ ಬಗ್ಗೆ ಇನ್ನೇನೂ ಹೇಳುವಂಥದ್ದಿಲ್ಲ.

ಸರಿ. ಬಣ್ಣದ ಲೆಕ್ಕದಲ್ಲಿ ನೋಡಿದರೆ ಷಡ್ಡಕರು ಗೆದ್ದರು. ಆದರೆ ಬಣ್ಣವನ್ನೇ ಯಾಕೆ ನೋಡುತ್ತೀರಿ ಅನ್ನುವುದು ನನ್ನ ತಕರಾರು. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಇದನ್ನ ಹಾಕ್ಕೊಳ್ಳೋದು ಹೇಗೆ?" ಅಂತ ಕೇಳಿದ್ದರೆ ನಾನು ಅವರಿಗೆ ಊಟ ಹಾಕಿ ಕಳಿಸುತ್ತಿದ್ದೆ. ಯಾಕೆಂದರೆ ಸೂಟ್‌ಗಳ ಇಡೀ ಕಥೆ ಇರುವುದೇ ಅಲ್ಲಿ. ಇದು ಅಂಗಿ ಅಲ್ಲ. ತಲೆ ಮೇಲಿಂದ ಎಳೆದುಕೊಳ್ಳಲು ಆಗುವುದಿಲ್ಲ. ಒಳಗೆ ಹೋಗಬೇಕು, ಹೊರಗೆ ಬರಬೇಕು, ಮೊಣಕಾಲು ಮಡಚಬೇಕು.

2008ರ ಮೊದಲ ಸಿನಿಮಾದ ಸೂಟ್‌ಗಳಲ್ಲಿ ಈ ಚಿಂತೆ ಎದ್ದು ಕಾಣುತ್ತದೆ. ವಿನ್ಯಾಸದಲ್ಲಿ ಆದಿ ಗ್ರಾನೋವ್, ಫಿಲ್ ಸಾಂಡರ್ಸ್, ರಯಾನ್ ಮೈನರ್ಡಿಂಗ್ ಕೆಲಸ ಮಾಡಿದರು. ಸ್ಟಾನ್ ವಿನ್ಸ್ಟನ್ ಅವರ ಸ್ಟುಡಿಯೋ ನಿಜವಾಗಿ ತೊಡುವ ಸೂಟ್ ಮಾಡಿಕೊಟ್ಟಿತು. ಮನುಷ್ಯ ಹಾಕಿಕೊಂಡು ನಡೆಯಬೇಕು ಅಂದಾಗ ಪೆನ್ಸಿಲ್ ಸುಮ್ನೆ ಓಡುವುದಿಲ್ಲ. ಸೊಂಟದ ಹತ್ತಿರ ಜಾಗ ಬಿಡಬೇಕು. ಕಂಕುಳಲ್ಲಿ ಜಾಗ ಬಿಡಬೇಕು.

ಮಾರ್ಕ್ 1 ಟೋನಿ ಸೆರೆಯಲ್ಲಿದ್ದಾಗ ಗುಹೆಯೊಳಗೆ ಕ್ಷಿಪಣಿಯ ತುಂಡುಗಳಲ್ಲಿ ಮಾಡಿದ್ದು. ಅದನ್ನು ಟೋನಿ ಒಬ್ಬನೇ ಹಾಕಿಕೊಳ್ಳಲು ಆಗುವುದೇ ಇಲ್ಲ. ಜೊತೆಗಿರುವ ಕೈದಿ ಯಿನ್ಸೆನ್ ನಿಂತು ಬೋಲ್ಟ್ ಬಿಗಿಯಬೇಕು. ಮಾರ್ಕ್ 2 ಬಣ್ಣವಿಲ್ಲದ ಬೆಳ್ಳಿ ಸೂಟ್, ಎತ್ತರಕ್ಕೆ ಹಾರಿದಾಗ ಅದಕ್ಕೆ ಮಂಜು ಕಟ್ಟುತ್ತದೆ. ಅದಕ್ಕೇ ಮಾರ್ಕ್ 3ಕ್ಕೆ ಚಿನ್ನ-ಟೈಟಾನಿಯಂ ಮಿಶ್ರಲೋಹ. ಪೂರ್ತಿ ಚಿನ್ನ ಜಾಸ್ತಿ ಆಯಿತು ಅನಿಸಿ ಅವನು ಕಾರಿನ ಕೆಂಪು ಸೇರಿಸುತ್ತಾನೆ. ನೋಡಿ, ಇಲ್ಲಿ ಬಣ್ಣಕ್ಕೂ ಒಂದು ಕಾರಣ ಇದೆ. ಈ ಸೂಟ್ ಹಾಕಲು ನೆಲದಿಂದ ಯಂತ್ರದ ಕೈಗಳು ಏಳುತ್ತವೆ. ತಿರುಪು ತಿರುಗುತ್ತದೆ, ತಗಡು ಕೂರುತ್ತದೆ. ಬಿಚ್ಚಲೂ ಅವೇ ಕೈಗಳು ಬೇಕು. ಬಿಚ್ಚುವಾಗ ಎಲ್ಲೋ ಸಿಕ್ಕಿಹಾಕಿಕೊಂಡು ಅವನು ಒದ್ದಾಡುವ ದೃಶ್ಯ ನನಗೆ ಹಾರುವ ದೃಶ್ಯಕ್ಕಿಂತ ಇಷ್ಟ.

2010ರಲ್ಲಿ ಮಾರ್ಕ್ 5 ಬಂತು. ಸೂಟ್‌ಕೇಸ್. ಮೊನಾಕೊದ ರೇಸ್ ಟ್ರ್ಯಾಕ್ ಮೇಲೆ ಅದನ್ನು ಕಾಲಲ್ಲಿ ಒತ್ತಿ, ಕೈ ತೂರಿಸಿ, ಎದೆಗೆ ಎಳೆದುಕೊಳ್ಳುತ್ತಾನೆ. ಮಡಚಬೇಕಾದ್ದರಿಂದ ತಗಡುಗಳು ಸಣ್ಣ ಸಣ್ಣ, ಮೈಯೂ ತೆಳು. 2012ರ ಮಾರ್ಕ್ 7 ಇನ್ನೂ ಮುಂದೆ ಹೋಯಿತು. ಟೋನಿ ಕಟ್ಟಡದಿಂದ ಕೆಳಗೆ ಬೀಳುತ್ತಿರುತ್ತಾನೆ, ಸೂಟ್ ಅವನ ಕೈಕಡಗಗಳನ್ನು ಹುಡುಕಿಕೊಂಡು ಹಿಂದೆಯೇ ಬಂದು ಗಾಳಿಯಲ್ಲೇ ಅಪ್ಪಿಕೊಳ್ಳುತ್ತದೆ. ಮಾರ್ಕ್ 42 ತುಂಡು ತುಂಡಾಗಿ ಹಾರಿ ಬಂದು ಮೈಗೆ ಅಂಟುತ್ತದೆ. ಹಾಗೇ ತುಂಡು ತುಂಡಾಗಿ ಉದುರುತ್ತದೆ ಕೂಡ. ಒಂದು ಲಾರಿ ಗುದ್ದಿದರೆ ಸಾಕು, ರಸ್ತೆ ತುಂಬ ಬಿಡಿಭಾಗ.

ಇಲ್ಲಿಯವರೆಗೆ ಪ್ರತಿ ಸೂಟ್‌ನ ಮೈಮೇಲಿನ ಗೀಟುಗಳನ್ನು ನೋಡಿ ಅದು ಎಲ್ಲಿ ತೆರೆಯುತ್ತದೆ ಅಂತ ಊಹಿಸಬಹುದು. 2016ರ ಮಾರ್ಕ್ 46ರಲ್ಲಿ ಮೋಸ ಶುರುವಾಯಿತು. ಅದರ ಶಿರಸ್ತ್ರಾಣ ಪಟ್ಟಿ ಪಟ್ಟಿಯಾಗಿ ಮಡಚಿಕೊಂಡು ಕುತ್ತಿಗೆ ಹಿಂದೆ ಮಾಯವಾಗುತ್ತದೆ. ಅಂಗಡಿಯ ರೋಲಿಂಗ್ ಶಟರ್ ಎತ್ತಿದರೆ ಮೇಲೆ ಡಬ್ಬದಲ್ಲಿ ಸುತ್ತಿಕೊಂಡು ಕೂರುತ್ತದಲ್ಲ, ಆ ಡಬ್ಬ ಎಲ್ಲಿದೆ ಸ್ವಾಮಿ ಇಲ್ಲಿ? ಕುತ್ತಿಗೆ ಹಿಂದೆ ಅಷ್ಟು ಜಾಗ ಇಲ್ಲ. 2018ರ ಮಾರ್ಕ್ 50 ಬಂದ ಮೇಲೆ ಕೇಳುವಂತೆಯೇ ಇಲ್ಲ. ನ್ಯಾನೋ ಅಂದರು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಅಂತ. ಎದೆಯ ಬಿಲ್ಲೆಯಿಂದ ಹರಿದು ಬಂದು ಮೈ ತುಂಬ ಹರಡಿಕೊಳ್ಳುತ್ತದೆ. ಕೈ ಖಡ್ಗವಾಗುತ್ತದೆ, ಗುರಾಣಿಯಾಗುತ್ತದೆ. ಹಾಕಿಕೊಳ್ಳುವ ಕಷ್ಟವೇ ಹೋಯಿತು. ನನ್ನ ಪಾಲಿಗೆ ಅದರ ಜೊತೆ ಅರ್ಧ ಮಜವೂ ಹೋಯಿತು.

ಫಿಗರ್‌ಗಳ ಮಾತು ಬರುವುದು ಇಲ್ಲೇ. ನನ್ನ ಶೋಕೇಸ್‌ನಲ್ಲಿ ಇರುವುದು ಹೆಚ್ಚಾಗಿ ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್ ಕಂಪನಿಯವು. ಆರರಲ್ಲಿ ಒಂದು ಅಳತೆ, ಅಂದರೆ ಸುಮಾರು 30 ಸೆಂಟಿಮೀಟರ್ ಎತ್ತರ. ಕಣ್ಣಲ್ಲಿ, ಎದೆಯಲ್ಲಿ, ಅಂಗೈಯಲ್ಲಿ ಎಲ್‌ಇಡಿ ದೀಪ. ಮೊದಲೆಲ್ಲ ಬರೀ ಪ್ಲಾಸ್ಟಿಕ್ ಇತ್ತು. 2013ರ ಸಿನಿಮಾದ ಹೊತ್ತಿಗೆ ಡೈ-ಕ್ಯಾಸ್ಟ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಭಾಗ ಸೇರಿಸಿದರು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ.

ಸಿನಿಮಾದಲ್ಲಿ ಕಂಪ್ಯೂಟರ್ ಇದೆ. ಟೋನಿ ಕೈ ಎತ್ತಿದರೆ ಭುಜದ ತಗಡು ಒಂದರ ಕೆಳಗೊಂದು ಜಾರುತ್ತದೆ. ಎರಡು ತಗಡು ಒಂದೇ ಜಾಗದಲ್ಲಿ ಸೇರಿಕೊಂಡರೂ ಯಾರಿಗೂ ತಿಳಿಯುವುದಿಲ್ಲ. ಫಿಗರ್ ಮಾಡುವವನಿಗೆ ಆ ಸೌಕರ್ಯ ಇಲ್ಲ. ಅದು ಕೈಯಲ್ಲಿ ಹಿಡಿಯುವ ವಸ್ತು, ನಿಜವಾಗಿ ಮಡಚಬೇಕು. ಮಾರ್ಕ್ 7ರ ಕೈ ಎತ್ತಬೇಕಾದರೆ ನಾನು ಮೊದಲು ಭುಜದ ಮೇಲಿನ ಕೆಂಪು ಮುಚ್ಚಳವನ್ನು ಬೆರಳ ತುದಿಯಿಂದ ಎಬ್ಬಿಸುತ್ತೇನೆ. ಆಮೇಲೆ ತೋಳನ್ನು ಮೈಯಿಂದ ಒಂಚೂರು ಹೊರಗೆ ಎಳೆಯುತ್ತೇನೆ. ಒಳಗೆ ಕಪ್ಪು ಕೀಲು ಕಾಣುತ್ತದೆ. ಆಗ ಮಾತ್ರ ಎತ್ತಬಹುದು. ಎಳೆಯದೆ ಎತ್ತಿದರೆ ಕೆಂಪಿಗೆ ಕೆಂಪು ಉಜ್ಜಿ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಆಗ ನಿಜವಾಗಿಯೂ ಬಣ್ಣ ಹೊಡೆಸಬೇಕಾಗುತ್ತದೆ.

ದೀಪ ಹಚ್ಚುವುದೂ ಹೀಗೇ ಒಂದು ಸೇವೆ. ಬೆನ್ನಿನ ಮೇಲಿನ ಒಂದು ಭಾಗ ಉಗುರಿನಲ್ಲಿ ಎಬ್ಬಿಸಿದರೆ ಕೈಗೆ ಬರುತ್ತದೆ. ಅದರೊಳಗೆ ಸ್ವಿಚ್ ಇದೆ. ಬೆರಳಿಗೆ ಸಿಗುವಷ್ಟು ದೊಡ್ಡದಲ್ಲ, ಟೂತ್‌ಪಿಕ್ ಬೇಕು. ಪಕ್ಕದಲ್ಲಿ ಬಟನ್ ಸೆಲ್. ದೀಪ ಹಚ್ಚುವುದಿಲ್ಲ ಅಂದಾಗ ಸೆಲ್ ತೆಗೆದಿಡಲೇಬೇಕು. ಮರೆತರೆ ಸೋರಿ ಕಿಲುಬು ಹಿಡಿದು ತಂತಿ ಹೋಗುತ್ತದೆ. ಹಬ್ಬದ ದಿನ "ಲೈಟ್ ಹಾಕು, ಮಕ್ಕಳು ನೋಡ್ತಾರೆ" ಅನ್ನುವವರಿಗೆ ಇದು ಎಷ್ಟು ಹೊತ್ತಿನ ಕೆಲಸ ಅಂತ ಗೊತ್ತಿರುವುದಿಲ್ಲ.

ಮಾರ್ಕ್ 50 ಫಿಗರ್‌ನ ಡಬ್ಬಿ ತೆರೆದಾಗ ಮಾತ್ರ ನಾನು ಹೊಟ್ಟೆ ತುಂಬ ನಕ್ಕಿದ್ದೇನೆ. ಸಿನಿಮಾದಲ್ಲಿ ಹರಿದು ಬಂದು ಆಕಾರ ಬದಲಿಸುವ ಆ ನ್ಯಾನೋ ಪವಾಡ ಇಲ್ಲಿ ಪ್ಲಾಸ್ಟಿಕ್ ತಟ್ಟೆಯ ಗುಂಡಿಗಳಲ್ಲಿ ಬಿಡಿಬಿಡಿಯಾಗಿ ಮಲಗಿತ್ತು. ಖಡ್ಗ ಬೇರೆ, ಕೈ ಬೇರೆ. ಒಂದು ಕಿತ್ತು ಇನ್ನೊಂದು ಸಿಕ್ಕಿಸಬೇಕು. ನ್ಯಾನೋಗೆ ಹೊಸ ಹೊಸ ರೂಪ ಬಂದಷ್ಟೂ ಡಬ್ಬಿಗೆ ಹೊಸ ಹೊಸ ತುಂಡು. ಸಿನಿಮಾದವರು ತಪ್ಪಿಸಿಕೊಂಡ ಲೆಕ್ಕವನ್ನು ಫಿಗರ್ ಮಾಡುವವರು ಪೂರ್ತಿ ತೀರಿಸಿದ್ದಾರೆ. ಮಾರ್ಕ್ 46ರ ಶಿರಸ್ತ್ರಾಣವೂ ಅಷ್ಟೇ. ಮಡಚಿಕೊಳ್ಳುವುದಿಲ್ಲ. ಮುಖ ಕಾಣಬೇಕಾದರೆ ಆ ತಲೆ ತೆಗೆದು ಇನ್ನೊಂದು ತಲೆ ಇಡಬೇಕು. ನಾನು ಇವನ್ನು ಕೊಳ್ಳುವುದು ಇದಕ್ಕೇ. ಯಾವ ವಿನ್ಯಾಸ ನಿಜವಾಗಿ ನಿಲ್ಲುತ್ತದೆ, ಯಾವುದು ಬರೀ ಪರದೆ ಮೇಲೆ ಮಾತ್ರ ನಿಲ್ಲುತ್ತದೆ ಅಂತ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಅದಕ್ಕೆ ಒಂದು ಸಾಲುವುದಿಲ್ಲ. ಪಕ್ಕ ಪಕ್ಕ ನಿಲ್ಲಿಸಬೇಕು.

ಷಡ್ಡಕರು ಒಂದು ವಿಷಯದಲ್ಲಿ ಪೂರ್ತಿ ಸರಿ ಅಂತ ಒಪ್ಪಿಕೊಳ್ಳುತ್ತೇನೆ. ಮಾರ್ಕ್ 4 ಮತ್ತು ಮಾರ್ಕ್ 6 ಪಕ್ಕ ಪಕ್ಕ ಇಟ್ಟರೆ ಮೊದಲು ಕಾಣುವ ವ್ಯತ್ಯಾಸ ಎದೆಯದ್ದೇ. ಒಂದರಲ್ಲಿ ದೀಪ ದುಂಡಗೆ, ಇನ್ನೊಂದರಲ್ಲಿ ತ್ರಿಕೋನ. ಅವೆರಡರಲ್ಲಿ ಒಂದನ್ನು ಮಾರುವ ಯೋಚನೆ ಇದೆ. ಯಾವುದು ಅಂತ ತೀರ್ಮಾನ ಆಗಿಲ್ಲ.

2019ರ ಮಾರ್ಕ್ 85 ಕೂಡ ನ್ಯಾನೋನೇ. ಆದರೂ ಅದರ ಮೇಲೆ ನನಗೆ ಸಿಟ್ಟಿಲ್ಲ. ತೋಳುಗಳಿಗೆ ಮತ್ತೆ ಚಿನ್ನದ ಬಣ್ಣ ತಂದಿದ್ದಾರೆ, ಹಳೇ ಕಾಮಿಕ್ಸ್‌ನಲ್ಲಿ ಇದ್ದ ಹಾಗೆ. 1963ರ ಡಿಸೆಂಬರ್ ಸಂಚಿಕೆಯಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೋ ದಪ್ಪ ಸೂಟ್ ಕಿತ್ತು ಹಾಕಿ ಮೈಗೆ ಒಪ್ಪುವ ಕೆಂಪು-ಚಿನ್ನದ ಸೂಟ್ ಕೊಟ್ಟಿದ್ದ. ಅಲ್ಲಿಂದ ಬಂದ ಬಣ್ಣ ಇದು. ಆದರೆ ಎಲ್ಲದರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಮಾರ್ಕ್ 7 ಇಟ್ಟುಕೊಳ್ಳುತ್ತೇನೆ. ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಅಂತ ಅದರ ಮೈಯೇ ಹೇಳುತ್ತದೆ, ನೋಡಲೂ ಚೆಂದ. ಮಾರ್ಕ್ 3 ಅನ್ನುವವರು ಬಹಳ ಜನ ಇದ್ದಾರೆ. ಅವರು ಕೆಳಗೆ ಬಂದು ಧಾರಾಳವಾಗಿ ಜಗಳ ಆಡಬಹುದು. ಮೂಗಿನ ಪರ ಇರುವವರು ಮಾತ್ರ ಬರುವುದು ಬೇಡ.