ಗೋದಾಮಿನ ಬೀಗದ ಕೈ

ದಾವಣಗೆರೆ ಕಡೆಯವನು ನಾನು, ಜೋಳದ ರೊಟ್ಟಿ ತಿಂದೇ ಬೆಳೆದಿದ್ದು. ಸುಡಾನಿಗೆ ಒಂದು ನೆರವು ಸಂಸ್ಥೆಯ ಲಾಜಿಸ್ಟಿಕ್ಸ್ ಕೆಲಸಕ್ಕೆ (ಆಹಾರ ಸಾಗಿಸೋದು, ಗೋದಾಮು ನೋಡ್ಕೊಳ್ಳೋದು) ಹೋದ್ರೆ ಅಲ್ಲೂ ಜೋಳಾನೇ, ಅವರ ಕಿಸ್ರಾ ಅಂದ್ರೆ ಹುಳಿ ಬಂದ ಜೋಳದ ತೆಳು ದೋಸೆ, ಅಸೀದಾ ಅಂದ್ರೆ ಹೆಚ್ಚೂಕಮ್ಮಿ ನಮ್ಮ ಮುದ್ದೆ. ಆ ಜೋಳದ ಲೆಕ್ಕದಲ್ಲೇ ಎಡವಿದ್ದು ನಾನು.

2023ರ ಏಪ್ರಿಲ್ 15ಕ್ಕೆ ರಾಜಧಾನಿ ಖಾರ್ಟೂಮಲ್ಲಿ ಜನರಲ್ ಬುರ್ಹಾನ್ ಕೈಯಲ್ಲಿದ್ದ ಸರ್ಕಾರಿ ಸೈನ್ಯಕ್ಕೂ ಹೆಮೆಟಿ ಅನ್ನೋನ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗೂ ಹತ್ಕೊಳ್ತು (ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಾಕೊಂಡಿದ್ರಲ್ಲ, ಅದೇ ಯುದ್ಧ). ನೆರವಿನ ಏಜೆನ್ಸಿಗಳು ಗಂಟುಮೂಟೆ ಕಟ್ಕೊಂಡು ವಾದ್ ಮದನಿಗೆ ಬಂದ್ವು. ನೀಲಿ ನೈಲ್ ದಂಡೆ ಊರು, ಸುತ್ತ ಗೆಜೀರಾ ಅನ್ನೋ ದೊಡ್ಡ ನೀರಾವರಿ ಬಯಲು. ಖಾರ್ಟೂಮಿಂದ ಓಡಿಬಂದೋರು ಶಾಲೆಗಳಲ್ಲಿ ಮಲಗ್ತಿದ್ರು. ನಾನು ಕೆಂಪು ಸಮುದ್ರದ ಬಂದರು ಪೋರ್ಟ್ ಸುಡಾನಲ್ಲಿ ಕೂತು ಇದ್ದಬದ್ದ ಸ್ಟಾಕೆಲ್ಲ ಮದನಿಯ ಒಂದೇ ಗೋದಾಮಿಗೆ ಹಾಕಿಸ್ದೆ. ಟನ್ನಿಗೆ ಖರ್ಚು ಕಮ್ಮಿ, ಎಕ್ಸೆಲ್ ಚೆನ್ನಾಗ್ ಕಾಣತ್ತೆ.

ಸ್ಟೋರ್‌ಕೀಪರ್ ವಯಸ್ಸಾದವರು, ಎಲ್ಲರೂ ಅಮ್ಮೋ (ಅರಬಿಯಲ್ಲಿ ಚಿಕ್ಕಪ್ಪ) ಅಂತಿದ್ವಿ. "ಉಸ್ತಾಜ್ (ಸಾರ್), ಪೂರ್ವದ ಗೆದಾರೆಫ್‌ಗೂ ಒಂದಿಷ್ಟು ಕಳಿಸಿ" ಅಂದ್ರು. ಊರಲ್ಲಿ ಸೈನ್ಯದ ಡಿವಿಷನ್ನೇ ಇದೆಯಲ್ಲ ಅಮ್ಮೋ, ಅಂದೆ. ಅವರ ಮಗಳು ಸರ್ಕಾರಿ ಟೀಚರ್. "ಏಪ್ರಿಲಿಂದ ಅವಳಿಗೆ ಸಂಬಳ ಕೊಡೋಕಾಗದ ಸರ್ಕಾರ ನಿಮ್ಮ ಜೋಳ ಕಾಯತ್ತಾ?" ಅಂದ್ರು. ನಾನು ನಕ್ಕು ಫೋನಿಟ್ಟೆ.

ಡಿಸೆಂಬರ್ 15, ಶುಕ್ರವಾರ. ಊರಂಚಲ್ಲಿ ಗುಂಡಿನ ಸದ್ದು. ಅಮ್ಮೋ ಫೋನ್ ಮಾಡಿದ್ರು, ಶಾಲೆಯಲ್ಲಿದ್ದೋರು ಗೇಟಿಗೆ ಬಂದಿದಾರೆ, ಬಾಗಿಲು ತೆಗೆದು ಹಂಚಿಬಿಡ್ಲಾ ಅಂತ. ಹೂಂ ಅಂದಿದ್ರೆ ಮುಗೀತಿತ್ತು. ಬೆನಿಫಿಶಿಯರಿ ಲಿಸ್ಟ್ ವೆರಿಫೈ ಆಗಿಲ್ಲ, ರಿಲೀಸ್ ಆರ್ಡರ್ ಇಲ್ಲ, ಸ್ವಲ್ಪ ಇರಿ ಅಂದೆ. ಆ ಕಡೆ ಒಂದು ಮಗು ಅಳ್ತಿದ್ದಿದ್ದು, ತಗಡಿನ ಗೇಟು ದಡದಡ ಅಲ್ಲಾಡ್ತಿದ್ದಿದ್ದು ಎರಡೂ ಕೇಳ್ತಿತ್ತು. ಅಮ್ಮೋ ಏನೂ ಅನ್ನಲಿಲ್ಲ, ಫೋನೂ ಇಡಲಿಲ್ಲ, ನಾನೇ ಕಟ್ ಮಾಡಿ ರೀಜನಲ್ ಆಫೀಸಿಗೆ ಅರ್ಜೆಂಟ್ ಅಂತ ಮೇಲ್ ಹಾಕ್ದೆ, ಶನಿವಾರ ಭಾನುವಾರ ಅವರಿಗೆ ರಜೆ, ಔಟ್ ಆಫ್ ಆಫೀಸ್ ರಿಪ್ಲೈ ಮಾತ್ರ ತಕ್ಷಣ ಬಂತು.

ಅಪ್ರೂವಲ್ ಬಂದಿದ್ದು ಸೋಮವಾರ, 18ಕ್ಕೆ. ಅವತ್ತೇ ಸೈನ್ಯ ಊರು ಬಿಟ್ಟು ಹಿಂದೆ ಸರೀತು, ಆರ್‌ಎಸ್‌ಎಫ್ ಒಳಗ್ ಬಂತು. ಸುಮಾರು 3 ಲಕ್ಷ ಜನ ಊರು ಬಿಟ್ರು, ಎಷ್ಟೋ ಜನಕ್ಕೆ ಅದು ಎರಡನೇ ಸಲ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಡಬ್ಲ್ಯುಎಫ್‌ಪಿ ಗೋದಾಮಿಂದ್ಲೇ ಹತ್ತಿರತ್ತಿರ 15 ಲಕ್ಷ ಜನಕ್ಕೆ ಒಂದು ತಿಂಗಳಿಗಾಗೋ ಆಹಾರ ಲೂಟಿ ಆಯ್ತು, ನಮ್ದು ಅದರ ಮುಂದೆ ಚಿಲ್ಲರೆ, ಆದ್ರೆ ಆ ಚಿಲ್ಲರೆಗೆ ಮೂರು ದಿನ ಬೀಗ ಹಾಕಿಸಿಟ್ಟವನು ನಾನು. ಹೊಲದಲ್ಲಿ ಪೈರು ಇದ್ದ ಹೊತ್ತು ಅದು. ದೇಶಕ್ಕೆ ಅನ್ನ ಹಾಕ್ತಿದ್ದ ರೈತರೇ ಗೆದಾರೆಫ್‌ನಲ್ಲಿ ರೇಷನ್ ಕ್ಯೂಗೆ ನಿಂತ್ರು.

ಈಗೆಲ್ಲ ಒಂದು ಗೋದಾಮಲ್ಲಿ ಎರಡು ವಾರಕ್ಕಿಂತ ಜಾಸ್ತಿ ಸ್ಟಾಕ್ ಇಡಲ್ಲ. ಫೈನಾನ್ಸ್‌ನೋರು ಟ್ರಾನ್ಸ್‌ಪೋರ್ಟ್ ಬಿಲ್ ನೋಡಿ ಕಿರುಚ್ತಾರೆ, ಕಿರುಚಲಿ.

ಲಾಸ್ ರಿಪೋರ್ಟಲ್ಲಿ ಕಾರಣದ ಕಾಲಂಗೆ ಮಳೆ, ಹುಳ, ಕಳ್ಳತನ, ಇತರೆ ಅಂತ ನಾಲ್ಕೇ ಆಪ್ಷನ್ ಇತ್ತು, ಇತರೆ ಟಿಕ್ ಮಾಡಿ ಕಳಿಸ್ದೆ. ಅಮ್ಮೋ ಪೂರ್ವದ ಕಸ್ಸಾಲಾ ಊರು ಸೇರಿದ್ರು, ಸ್ಟಾಕ್ ಲೆಡ್ಜರ್ ಜೊತೆಗಿತ್ತು, ಒಂದು ಮೂಟೆನೂ ತಪ್ಪಿಲ್ಲ ಲೆಕ್ಕ. ಗೋದಾಮಿನ ಬೀಗದ ಕೈ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿ, ಇದನ್ನ ಯಾರ ಕೈಗೆ ಒಪ್ಪಿಸ್ಲಿ ಅಂತ ಕೇಳಿದ್ರು. ಆಡಿಟ್‌ನೋರು ಆ ಕೀ ಹ್ಯಾಂಡೋವರ್ ಫಾರ್ಮಿಗೆ ಇನ್ನೂ ರಿಮೈಂಡರ್ ಹಾಕ್ತಾನೇ ಇದಾರೆ.