ಡಬ್ಬ ಎಣಿಸಿದರೆ ಲೆಕ್ಕ ಸರಿಯಾಗುವುದಿಲ್ಲ

ಕಾಸರಗೋಡಿನ ಒಂದು ಲ್ಯಾಬಿನಲ್ಲಿ ನಾವು ಮೂರು ಜನ ಪೆಥಾಲಜಿಸ್ಟ್‌ಗಳು. ಮೊನ್ನೆ ಮೊನ್ನೆಯವರೆಗೂ ಕೆಲಸ ಹಂಚಿಕೊಳ್ಳುತ್ತಿದ್ದದ್ದು ಡಬ್ಬದ ಲೆಕ್ಕದಲ್ಲಿ. ಆಪರೇಷನ್‌ನಲ್ಲಿ ತೆಗೆದ ಅಂಗ, ತುಂಡುಗಳನ್ನು (ಸ್ಪೆಸಿಮೆನ್) ಪರೀಕ್ಷೆಗೆಂದು ಥಿಯೇಟರಿನಿಂದ ಹಾಕಿ ಕಳಿಸಿದ ಡಬ್ಬಗಳನ್ನು ಮೂರು ಪಾಲು ಮಾಡುವುದು, ಅಷ್ಟೇ.

ಒಂದು ಸೋಮವಾರ ನನಗೆ 8 ಡಬ್ಬ. ಹೆಚ್ಚಿನವು ಅಪೆಂಡಿಕ್ಸ್, ಪಿತ್ತಕೋಶ. ಹನ್ನೊಂದಕ್ಕೆಲ್ಲ ಗ್ರಾಸಿಂಗ್ (ಅಂಗವನ್ನು ಕಣ್ಣಲ್ಲೇ ನೋಡಿ, ಬೇಕಾದ ತುಂಡು ಕತ್ತರಿಸುವುದು) ಮುಗಿಸಿ ಚಹಾ ಕುಡಿದೆ. ಪಕ್ಕದಲ್ಲಿದ್ದ ಜೂನಿಯರ್‌ಗೂ 8. ಆದರೆ ಅವಳ ಒಂದು ಡಬ್ಬದಲ್ಲಿ ಕ್ಯಾನ್ಸರ್ ಅಂತ ತೆಗೆದ ದೊಡ್ಡ ಕರುಳು. ಅದರ ಕೊಬ್ಬಿನಲ್ಲಿ ಕಡಿಮೆ ಅಂದರೂ 12 ಲಿಂಫ್ ನೋಡ್ (ಕ್ಯಾನ್ಸರ್ ಹರಡಿದೆಯೇ ಅಂತ ನೋಡುವ ಸಣ್ಣ ಗಂಟು) ಹುಡುಕಬೇಕು. ಗ್ಲೌಸ್ ಹಾಕಿದ ಬೆರಳಲ್ಲಿ ಕೊಬ್ಬನ್ನು ಹಿಸುಕುತ್ತಾ ಹೋಗಬೇಕು. ಹೆಸರುಕಾಳಿನಷ್ಟು ಗಟ್ಟಿ ಏನೋ ಸಿಗುತ್ತದೆ. ಕತ್ತರಿಸಿ ನೋಡಿದರೆ ರಕ್ತನಾಳ. ಮತ್ತೆ ಹಿಸುಕು. ಮಧ್ಯಾಹ್ನ ಮೂರಕ್ಕೆ ನೋಡಿದರೆ 9 ಸಿಕ್ಕಿತ್ತು, ಹುಡುಗಿಯ ಊಟ ಆಗಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಮೆರಿಕದಲ್ಲಿ ಬಿಲ್ ಮಾಡಲಿಕ್ಕೆ ಇಂಥ ಸ್ಪೆಸಿಮೆನ್‌ಗಳನ್ನು ಕೆಲಸದ ಭಾರ ನೋಡಿ 88300ರಿಂದ 88309ರವರೆಗಿನ ಕೋಡ್‌ಗಳ 6 ಮಟ್ಟಗಳಲ್ಲಿ ಇಡುತ್ತಾರೆ. ಅಪೆಂಡಿಕ್ಸ್ 88304, ಕ್ಯಾನ್ಸರಿನ ಕರುಳು 88309. ನಮಗೆ ಅಷ್ಟೆಲ್ಲ ಬೇಡ ಅನಿಸಿತು. ಗೋಡೆಗೊಂದು ವೈಟ್‌ಬೋರ್ಡ್ ಹಾಕಿ, ಡಬ್ಬದ ಬದಲು ಬ್ಲಾಕ್ (ಕತ್ತರಿಸಿದ ತುಂಡನ್ನು ಮೇಣದಲ್ಲಿ ಕೂರಿಸಿದ ಅಚ್ಚು) ಎಣಿಸತೊಡಗಿದೆವು. ಇದೂ ಪೂರ್ತಿ ಸರಿಯಲ್ಲ ಬಿಡಿ. ಒಂದೇ ಬ್ಲಾಕಿನ ಚರ್ಮದ ಬಯಾಪ್ಸಿ ಕೆಲವೊಮ್ಮೆ ಅರ್ಧ ದಿನ ತಿನ್ನುತ್ತದೆ. ಅಂಥದ್ದು ಸಿಕ್ಕವರಿಗೆ ಮರುದಿನ ಸ್ವಲ್ಪ ಹಗುರ ಮಾಡುತ್ತೇವೆ.

ಇನ್ನೊಂದು ಬದಲಾವಣೆ, ದೊಡ್ಡ ಸ್ಪೆಸಿಮೆನ್ ಬೆಳಗ್ಗೆಯೇ. ಟಿಶ್ಯೂ ಪ್ರೊಸೆಸರ್ (ತುಂಡುಗಳ ನೀರು ತೆಗೆದು ಮೇಣ ತುಂಬುವ ಯಂತ್ರ) ಸಂಜೆ ಐದಕ್ಕೆ ಶುರುವಾಗಿ ರಾತ್ರಿಯಿಡೀ ಓಡುತ್ತದೆ. ಮುಳ್ಳೇರಿಯದ ಕೊನೆಯ ಬಸ್ಸಿನ ಹಾಗೆ, ತಪ್ಪಿದರೆ ಮರುದಿನವೇ. ನಾಲ್ಕೂವರೆಗೆ ಹೊರಗಿನಿಂದ ರೋಗಿಯ ಕಡೆಯವರು ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸಣ್ಣ ಬಯಾಪ್ಸಿ ತಂದರೂ ಈಗ ಜಾಗ ಇರುತ್ತದೆ.

ಎಲ್ಲ ಸರಿಯಾಯಿತು ಅಂತ ನಾವು ಮೂವರು ಬೀಗುತ್ತಿದ್ದಾಗ ಟೆಕ್ನಿಷಿಯನ್ ಬೋರ್ಡಿನ ಮುಂದೆ ನಿಂತಿದ್ದರು. ಕೈಯಲ್ಲಿ ಐಸ್ ಮೇಲಿಂದ ತೆಗೆದ ಬ್ಲಾಕ್.

"ಮೇಡಂ, ನಿಮ್ಮ ಮೂವರದ್ದೂ ಕೂಡಿಸಿದ್ರೆ ಎಷ್ಟಾಗ್ತದೆ?"

"87."

"ಅದಷ್ಟೂ ಕತ್ತರಿಸುವುದು ನಾನೊಬ್ಬನೇ ಅಲ್ವಾ?"

ಅದೂ 3-4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪಕ್ಕೆ, ಕತ್ತರಿಸುವ ಯಂತ್ರ ಮೈಕ್ರೊಟೋಮಿನ ಚಕ್ರ ಕೈಯಲ್ಲೇ ತಿರುಗಿಸಿ. ಸ್ಲೈಡ್ ನೋಡಿ ಅನುಮಾನ ಬಂದರೆ ನಾವು ಸುಮ್ನೆ 'ಡೀಪರ್' (ಅದೇ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿ) ಅಂತ ಚೀಟಿ ಬರೆದುಬಿಡುತ್ತೇವೆ. ಚೀಟಿ ಬರೆಯಲು ನಮಗೆ ಎರಡು ಸೆಕೆಂಡ್. ಅವರು ಬ್ಲಾಕನ್ನು ಮತ್ತೆ ತಣ್ಣಗೆ ಮಾಡಿ, ಕತ್ತರಿಸಿ, ಬಿಸಿನೀರಿನಲ್ಲಿ ತೇಲಿಸಿ, ಬಣ್ಣ ಹಾಕಬೇಕು. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಇನ್ನೊಬ್ಬ ಟೆಕ್ನಿಷಿಯನ್ ಬೇಕು ಅಂತ ಮೇಲಿನವರಿಗೆ ಬರೆದು ಕೊಟ್ಟಿದ್ದೇವೆ. ಸದ್ಯಕ್ಕೆ ಡೀಪರ್ ಚೀಟಿ ಮಧ್ಯಾಹ್ನದ ಒಳಗೇ ಕೊಡಬೇಕು, ಯಾರು ಬರೆದದ್ದು ಅಂತಲೂ ಬೋರ್ಡಿನಲ್ಲಿ ಕಾಣಬೇಕು. ಬೋರ್ಡಿನಲ್ಲಿ ನಾಲ್ಕನೆಯ ಗೆರೆ ಎಳೆದು ಅವರ ಹೆಸರೂ ಬರೆದಿದ್ದೇವೆ. ನಿನ್ನೆ ಅದರ ಕೆಳಗೆ 94 ಇತ್ತು.