ಫೆಟ್ಯುಯಿನ್ ಲಾಗ್: ಕಳ್ಳ ಡ್ರೈಯರ್‌ನಲ್ಲೇ ಇದ್ದ

ಪ್ರೋಟೀನ್‌ನಿಂದ ಗ್ಲೈಕಾನ್ (ಸಕ್ಕರೆ ಸರಪಳಿ) ಕತ್ತರಿಸಲು ಪಿಎನ್‌ಜೇಸ್ ಎಫ್ ಕಿಣ್ವ, ಅದು ಹೊಳೆಯುವಂತೆ 2-ಎಬಿ ಲೇಬಲ್, ಶುದ್ಧಿಗೆ ಹಿಲಿಕ್ ಕ್ಲೀನಪ್, ಎಲ್ಲ ಮಾಮೂಲಿ. ನೇರ ರೋಗಕ್ಕೆ ಬರೋಣ: ಕಂಟ್ರೋಲ್ ಆಗಿ ಇಟ್ಟ ಫೆಟ್ಯುಯಿನ್ ಪ್ರೋಟೀನ್‌ನಲ್ಲಿ ಟ್ರೈಸಿಯಾಲೊ (ತುದಿಗಳಲ್ಲಿ ಮೂರು ಸಿಯಾಲಿಕ್ ಆಮ್ಲ ಹೊತ್ತ ಗ್ಲೈಕಾನ್) ಪೀಕ್‌ಗಳು ಬ್ಯಾಚಿನಿಂದ ಬ್ಯಾಚಿಗೆ ಸೊರಗುತ್ತಿದ್ದವು, ಎಡಗಡೆಯ ಡೈ (ಎರಡು), ಮಾನೊ (ಒಂದು) ಪೀಕ್‌ಗಳಿಗೆ ಹೊಟ್ಟೆ ಬರುತ್ತಿತ್ತು.

ಮೊದಲ ಅನುಮಾನ ಬೆಳಕಿನ ಮೇಲೆ. ಆದರೆ ಲೇಬಲ್ ಮಾಸಿದರೆ ಎಲ್ಲ ಪೀಕ್‌ಗಳೂ ಒಟ್ಟಿಗೆ ಇಳಿಯಬೇಕು. ಇಲ್ಲಿ ಒಟ್ಟು ಏರಿಯಾ ಕದಲಿರಲಿಲ್ಲ. ಇಂಜೆಕ್ಷನ್ ದ್ರಾವಕದಲ್ಲಿ ಅಸಿಟೋನೈಟ್ರೈಲ್ ಜಾಸ್ತಿಯಾಗಿ ದೊಡ್ಡ ಗ್ಲೈಕಾನ್‌ಗಳು ವಯಲ್ ತಳ ಸೇರಿದವೇ? ಹಾಗಿದ್ದರೆ ದೊಡ್ಡವು ಕುಗ್ಗುತ್ತವೆ, ಸರಿ, ಚಿಕ್ಕವು ಬೆಳೆಯುವುದು ಯಾಕೆ? ಇವರ ಗಂಟು ಅವರ ಮನೆ ಸೇರುತ್ತಿದೆ ಎಂದರೆ ಸಿಯಾಲಿಕ್ ಆಮ್ಲ ಕಳಚುತ್ತಿದೆ.

ಲೇಬಲಿಂಗ್ ಮಿಶ್ರಣದಲ್ಲಿ 30% ಅಸಿಟಿಕ್ ಆಮ್ಲ, ಮೇಲೆ 65 ಡಿಗ್ರಿ ಕಾವು, ಹಾಗಾಗಿ ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ಅದರ ದ್ರಾವಕ ಡಿಎಂಎಸ್‌ಒದಲ್ಲಿ ನೀರಿನಂಶ ಇಲ್ಲದಿದ್ದರೆ ಜಲವಿಭಜನೆಗೆ ನೀರೇ ಸಿಗದು. ‘ನಿರ್ಜಲ’ ಎಂದು ಬರೆದು ಸರಬರಾಜುದಾರರು ಕಳಿಸಿದ ಬಾಟಲಿ ಮಾತ್ರ 4 ಡಿಗ್ರಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಅರ್ಧಂಬರ್ಧ ಗಂಜಿಯಾಗಿಯೇ ಇತ್ತು! ಶುದ್ಧ ಡಿಎಂಎಸ್‌ಒ 18.5 ಡಿಗ್ರಿಗೇ ಕಲ್ಲಾಗಬೇಕು. ಬಾಟಲಿ ಬದಲಾಯಿತು, ಪೀಕ್ ಬದಲಾಗಲಿಲ್ಲ.

ಅಸಲಿ ಜಾಗ ಅದಕ್ಕೂ ಒಂದು ಹೆಜ್ಜೆ ಹಿಂದೆ. ಕಿಣ್ವ ಕತ್ತರಿಸಿದಾಗ ಗ್ಲೈಕಾನ್ ತುದಿಯಲ್ಲಿ ಉಳಿಯುವ ಗ್ಲೈಕೋಸಿಲ್‌ಅಮೀನ್ ಮುರಿಯಲು 1% ಫಾರ್ಮಿಕ್ ಆಮ್ಲ, ಕೋಣೆಯ ತಾಪಮಾನದಲ್ಲಿ 40 ನಿಮಿಷ. ಅದು ನಿರುಪದ್ರವಿ. ಆಮೇಲೆ ಒಣಗಿಸಲು ವ್ಯಾಕ್ಯೂಮ್ ಸೆಂಟ್ರಿಫ್ಯೂಜ್, ರೋಟರ್ ಹೀಟ್ 45 ಡಿಗ್ರಿ. ನೀರು ಮೊದಲು ಹೋಗುತ್ತದೆ, ಆಮ್ಲ ಉಳಿದು ಗಟ್ಟಿಯಾಗುತ್ತದೆ. ಕೊನೆಯ ಆ ಅಂಟು ಹನಿಯಲ್ಲಿ, ಬಿಸಿಯಲ್ಲಿ, ಗ್ಲೈಕಾನ್ ಕೂತಿರುತ್ತದೆ. ಒಂದೇ ಪೂಲನ್ನು ಎರಡು ಪಾಲು ಮಾಡಿ ಒಂದನ್ನು ಹೀಟ್‌ನಲ್ಲಿ, ಇನ್ನೊಂದನ್ನು ಮೈನಸ್ 80ರಲ್ಲಿ ಹೆಪ್ಪುಗಟ್ಟಿಸಿ ಲಯೋಫಿಲೈಸ್ (ಹೆಪ್ಪಿನಲ್ಲೇ ಒಣಗಿಸುವುದು) ಮಾಡಿದಾಗ ಎರಡನೆಯದರಲ್ಲಿ ಟ್ರೈಸಿಯಾಲೊ ತಲೆ ಎತ್ತಿ ನಿಂತಿತು.

ಅಮೋನಿಯಾ ಹಾಕಿ ತಟಸ್ಥಗೊಳಿಸುವ ಆಸೆ ಬೇಡ: ಉಳಿದ ಅಮೋನಿಯಂ 2-ಎಬಿ ಜೊತೆ ಗ್ಲೈಕಾನ್ ತುದಿಯ ಅದೇ ಆಲ್ಡಿಹೈಡ್‌ಗೆ ಪೈಪೋಟಿಗೆ ಇಳಿಯುತ್ತದೆ. ಕ್ಷಾರ ಹೆಚ್ಚಾದರಂತೂ ಲೇಬಲ್ ಆಗದ ಗ್ಲೈಕಾನ್ ತುದಿಯಿಂದ ಸುಲಿಯತೊಡಗುತ್ತದೆ. ಕ್ಲೀನಪ್ ನಂತರದ ನೀರಿನ ಎಲ್ಯೂಟನ್ನು (ತೊಳೆದು ಹೊರತೆಗೆದ ದ್ರಾವಣ) ಒಣಗಿಸುವುದೇ ಬೇಡ, ಸಣ್ಣ ಪಾಲು ಮಾಡಿ ಕತ್ತಲಲ್ಲಿ ಮೈನಸ್ 20. ಇಂಜೆಕ್ಟ್ ಮಾಡುವ ದಿನವಷ್ಟೇ 75% ಅಸಿಟೋನೈಟ್ರೈಲ್‌ಗೆ.

ಮುಂದಿನ ಹುಚ್ಚು ಈಗಲೇ ಹತ್ತಿದೆ, ಸಿಯಾಲಿಕ್ ಆಮ್ಲದ ಎರಡು ಬಗೆಯ ಕೊಂಡಿ (ಆಲ್ಫಾ 2-6, 2-3) ಬೇರೆ ಮಾಡಿ ನೋಡುವುದು: ಎಥನಾಲ್‌ನಲ್ಲಿ ಇಡಿಸಿ, ಎಚ್‌ಒಬಿಟಿ ಎಂಬ ಕಾರಕಗಳು, 37 ಡಿಗ್ರಿ, 1 ಗಂಟೆ. ಆಲ್ಫಾ 2-6 ಎಸ್ಟರ್ ಆಗುತ್ತದೆ, 2-3 ಲ್ಯಾಕ್ಟೋನ್. ಫೆಟ್ಯುಯಿನ್‌ನಲ್ಲಿ ಎರಡೂ ಇವೆ, ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗೆ. ಲ್ಯಾಕ್ಟೋನ್‌ಗೆ ನೀರಲ್ಲಿ ಬಿಚ್ಚಿಕೊಳ್ಳುವ ಚಾಳಿ ಇದೆ. ಅದನ್ನು ಅಮೈಡ್ ಮಾಡಲು ಬೇಕಾಗುವುದು ಅಮೋನಿಯಾ, ಈಗಷ್ಟೇ ಬೈದು ಅಟ್ಟಿದ ಅದೇ ಬಾಟಲಿ.